ಮಳೆಗಾಲದ ಕೊಡಗಿನಿಂದ ಮೆಟಜೀನೋಮ್ ಪರೀಕ್ಷೆಗೆ ಮಲದ ಮಾದರಿ ಕಳುಹಿಸುವ ಬಗೆ

ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ ಮತ್ತಿತರ ಅಣುಜೀವಿಗಳ ಒಟ್ಟು ವಂಶವಾಹಿ ಸಂಪತ್ತನ್ನು ಮೆಟಜೀನೋಮ್ ಎನ್ನುತ್ತಾರೆ. ಪ್ರೋಟೀನ್ ರೂಪಿಸುವ ಮನುಷ್ಯನ ವಂಶವಾಹಿಗಳು ಸುಮಾರು 20,000. ಯುರೋಪಿನ 124 ಮಂದಿಯ ಮಲವನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಅಣುಜೀವಿಗಳ ವಂಶವಾಹಿಗಳು 33 ಲಕ್ಷ. ನಮಗೆ ಜೀರ್ಣವಾಗದ ನಾರನ್ನು ಒಡೆದು, ದೊಡ್ಡ ಕರುಳಿನ ಒಳಪದರಕ್ಕೆ ಆಹಾರವಾಗುವ ಬ್ಯುಟಿರೇಟನ್ನು ತಯಾರಿಸುವ ಸಾಮರ್ಥ್ಯ ಇವುಗಳಲ್ಲಿದೆ. ಮಲದ ಮಾದರಿಯಲ್ಲಿರುವ ಈ ವಂಶವಾಹಿಗಳನ್ನು ಓದುವುದೇ ಮೆಟಜೀನೋಮ್ ಪರೀಕ್ಷೆ. ಆದರೆ ಮಾದರಿ ಕೆಟ್ಟರೆ ವರದಿಗೆ ಬೆಲೆಯಿಲ್ಲ, ಮಳೆಗಾಲದಲ್ಲಿ ಅದು ಕೆಡಲು ದಾರಿಗಳು ಹಲವು.

ಹಣ ಕಟ್ಟುವ ಮೊದಲು ಪರೀಕ್ಷೆಯ ವಿಧಾನ ಯಾವುದೆಂದು ಪ್ರಯೋಗಾಲಯವನ್ನು ಕೇಳಿಕೊಳ್ಳಿ. 16ಎಸ್ ವಿಧಾನವು ಒಂದೇ ವಂಶವಾಹಿಯನ್ನು ಓದಿ ಯಾವ ಬಗೆಯ ಬ್ಯಾಕ್ಟೀರಿಯಾಗಳಿವೆ ಎಂದಷ್ಟೇ ತಿಳಿಸುತ್ತದೆ. ಶಾಟ್‌ಗನ್ ವಿಧಾನವು ಮಾದರಿಯಲ್ಲಿರುವ ಎಲ್ಲ ಬಗೆಯ ಡಿಎನ್‌ಎಯನ್ನು ತುಣುಕುಗಳಾಗಿ ಓದುವುದರಿಂದ ಅವು ಏನು ಮಾಡಬಲ್ಲವೆಂಬ ಸುಳಿವೂ ಸಿಗುತ್ತದೆ. ದುಬಾರಿಯಾದರೂ ಎರಡನೆಯದೇ ಮೇಲೆಂದು ನನ್ನ ಅಭಿಪ್ರಾಯ.

ಇತ್ತೀಚೆಗೆ ಆಂಟಿಬಯಾಟಿಕ್ ಸೇವಿಸಿದ್ದರೆ ಪರೀಕ್ಷೆಯನ್ನು ಮುಂದೂಡಿ. ವೈದ್ಯರು ಕೊಟ್ಟ ಮಾತ್ರೆಯನ್ನು ಪರೀಕ್ಷೆಗಾಗಿ ನಿಲ್ಲಿಸಬೇಡಿ. ಊಟವನ್ನು ಎಂದಿನಂತೆಯೇ ಇಟ್ಟುಕೊಂಡು, ಕಣಿಲೆ ಸಾರು, ಪಂದಿಕರಿ, ಕಡಂಬುಟ್ಟು ಎಂದು ತಿಂದದ್ದನ್ನೆಲ್ಲ ಒಂದು ವಾರ ಬರೆದಿಡಿ. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮಾಡುವ ಮದ್ದುಸೊಪ್ಪಿನ ಪಾಯಸವನ್ನೂ ಬರೆಯಿರಿ. ಮರುದಿನ ಮೂತ್ರ ಕೆಂಪಾದರೆ ಗಾಬರಿಯಾಗಬೇಕಿಲ್ಲ, ಅದು ಸೊಪ್ಪಿನ ಬಣ್ಣ.

ಮಲವನ್ನು ಒಣಗಿದ, ಶುಚಿಯಾದ ಪಾತ್ರೆಯಲ್ಲಿ ಹಿಡಿದು, ಮೂತ್ರವಾಗಲಿ ನೀರಾಗಲಿ ತಾಗದ ಭಾಗದಿಂದ ಕಿಟ್‌ನಲ್ಲಿರುವ ಕಡ್ಡಿಯಿಂದ ಸ್ವಲ್ಪವನ್ನೇ ತೆಗೆಯಬೇಕು, ಏಕೆಂದರೆ ಬಾವಿ ಅಥವಾ ತೋಡಿನ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳ ಡಿಎನ್‌ಎ ಬೆರೆತರೆ ಯಂತ್ರ ಅದನ್ನೂ ನಿಮ್ಮದೆಂದೇ ಎಣಿಸುತ್ತದೆ. ಸಂರಕ್ಷಕ ದ್ರಾವಣವಿರುವ ಕೊಳವೆಯನ್ನೇ ಕೇಳಿ ಪಡೆಯಿರಿ ಮತ್ತು ಮಾದರಿ ಹಾಕಿದ ಮೇಲೆ ಚೆನ್ನಾಗಿ ಕುಲುಕಿ. ದ್ರಾವಣವಿಲ್ಲದ ಮಾದರಿಯನ್ನು ಒಂದೇ ಸಮನೆ ತಂಪಾಗಿಡಬೇಕು. ಗಾಳಿಮಳೆಗೆ ಎರಡು ದಿನ ಕರೆಂಟ್ ಹೋಗುವ ತೋಟದ ಮನೆಯಲ್ಲಿ ಅದು ಆಗದ ಮಾತು, ಬೆಚ್ಚಗಾದ ಕೊಳವೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಬೆಳೆದು ಪ್ರಮಾಣವೇ ಬದಲಾಗುತ್ತದೆ. ಸೋಮವಾರ ಮಡಿಕೇರಿಯಿಂದಲೋ ವಿರಾಜಪೇಟೆಯಿಂದಲೋ ಕೊರಿಯರ್ ಮಾಡಿದರೆ ಭಾನುವಾರದ ರಜೆಗೆ ಸಿಲುಕುವುದಿಲ್ಲ.

ವರದಿಯ ಶೇಕಡಾವಾರು ಅಂಕಿಗಳು ಪರಸ್ಪರ ಪ್ರಮಾಣಗಳು: ಒಂದು ಕುಗ್ಗಿದರೆ ಉಳಿದವು ಹೆಚ್ಚಿದಂತೆ ಕಾಣುತ್ತವೆ. ಡಿಎನ್‌ಎ ಸತ್ತ ಬ್ಯಾಕ್ಟೀರಿಯಾದ್ದೂ ಆಗಿರಬಹುದು. ಹಾಗಾಗಿ ವರದಿಯೊಂದಿಗೆ ಬರುವ ಪುಡಿ, ಮಾತ್ರೆಗಳ ಶಿಫಾರಸನ್ನು ನಂಬಿ ಖರೀದಿಸುವ ಮೊದಲು ಊಟದ ಟಿಪ್ಪಣಿಯ ಸಮೇತ ವೈದ್ಯರಿಗೆ ತೋರಿಸಿ. ಮಲದಲ್ಲಿ ರಕ್ತ ಕಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಈ ಪರೀಕ್ಷೆಗೆ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಿ.