ಮಲೆನಾಡ ಮನೆ ಜನರೇಟರಿಗೆ ಎಟಿಎಸ್ ಆರಿಸಿದ್ದು: ನನ್ನ ಅನುಭವ

ಶೃಂಗೇರಿ ಕಡೆ ಮನೆ ನಮ್ದು, ಜೂನಲ್ಲಿ ಮಳೆ ಹಿಡೀತು ಅಂದ್ರೆ ಎಲ್ಲಾದ್ರೂ ಲೈನ್ ಮೇಲೆ ಮರ ಬೀಳುತ್ತೆ, ಕರೆಂಟು ದಿನಗಟ್ಲೆ ಇರಲ್ಲ. 5 ಕೆವಿಎ ಸೆಲ್ಫ್ ಸ್ಟಾರ್ಟ್ ಡೀಸೆಲ್ ಜನರೇಟರ್ ಮೊದ್ಲೇ ಇತ್ತು, ಆದ್ರೆ ರಾತ್ರಿ ಮಳೇಲಿ ಶೆಡ್ಡಿಗೆ ಹೋಗಿ ಸ್ಟಾರ್ಟ್ ಮಾಡಿ ಚೇಂಜ್‌ಓವರ್ ಸ್ವಿಚ್ ತಿರುಗಿಸೋದು ಅಪ್ಪಂಗೆ ಈ ವಯಸ್ಸಲ್ಲಿ ಆಗಲ್ಲ ಅಂತ ಎಟಿಎಸ್ (ಕರೆಂಟು ಹೋದ್ರೆ ತಾನೇ ಜನರೇಟರ್ ಸ್ಟಾರ್ಟ್ ಮಾಡ್ಸಿ ಮನೇನ ಅದಕ್ಕೆ ಬದಲಾಯಿಸೋ ಆಟೊಮ್ಯಾಟಿಕ್ ಸ್ವಿಚ್ಚು) ಹಾಕ್ಸಿದೆ.

ಅಂಗಡೀಲಿ ಎಷ್ಟು ಆಂಪ್ ಬೇಕು ಅಂತ ಮಾತ್ರ ಕೇಳ್ತಾರೆ. 5 ಕೆವಿಎ ಅಂದ್ರೆ 230 ವೋಲ್ಟಲ್ಲಿ ಹೆಚ್ಚುಕಮ್ಮಿ 22 ಆಂಪ್, ಹಂಗಂತ 25 ಆಂಪಿಂದು ತಗೋಬೇಡಿ, ಲೈನ್ ಕರೆಂಟೂ ಅದರೊಳಗೇ ಹರಿಯುತ್ತಲ್ಲ, ಮೇನ್ ಎಂಸಿಬಿಗಿಂತ ಕಮ್ಮಿ ಇರಬಾರದು. ನಮ್ಮ ಮೇನ್ 40, ಎಟಿಎಸ್ 63 ಆಂಪಿಂದು ತಗೊಂಡೆ.

ಅದಕ್ಕಿಂತ ಮುಖ್ಯ ನ್ಯೂಟ್ರಲ್. ಫೇಸ್ ಮಾತ್ರ ಬದಲಾಯಿಸಿ ಲೈನಿಂದು, ಜನರೇಟರಿಂದು ಎರಡೂ ನ್ಯೂಟ್ರಲ್ ಒಟ್ಟಿಗೇ ಬಿಟ್ಟಿರೋ ಪ್ಯಾನೆಲ್ ಅಗ್ಗಕ್ಕೆ ಸಿಗುತ್ತೆ, ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಾನೇ ಕಟ್ ಮಾಡೋ ಸ್ವಿಚ್ಚು) ಇರೋ ಮನೇಲಿ ಅದು ಸುಮ್ಸುಮ್ನೆ ಟ್ರಿಪ್ ಆಗೋ ಸಾಧ್ಯತೆ ಇದೆ. ನಾನು ಫೇಸ್, ನ್ಯೂಟ್ರಲ್ ಎರಡು ಪೋಲೂ ಬದಲಾಗೋದೇ ಬೇಕು ಅಂದೆ. ಹಂಗೆ ಮಾಡಿದ್ಮೇಲೆ ಜನರೇಟರ್ ನ್ಯೂಟ್ರಲ್‌ನ ಜನರೇಟರ್ ಹತ್ರಾನೇ ಅರ್ಥಿಂಗಿಗೆ ಸೇರಿಸ್ಬೇಕು, ಇಲ್ಲಾಂದ್ರೆ ಜನರೇಟರ್ ಓಡೋವಾಗ ಶಾಕ್ ಹೊಡುದ್ರೂ ಆರ್‌ಸಿಸಿಬಿ ಬೀಳೋ ಭರವಸೆ ಇಲ್ಲ.

ಇಂಟರ್‌ಲಾಕ್ (ಲೈನೂ ಜನರೇಟರೂ ಒಟ್ಟಿಗೇ ಸೇರದ ಹಾಗೆ ತಡೆಯೋ ಏರ್ಪಾಡು) ವಿಷಯದಲ್ಲಿ ಮಾತ್ರ ದುಡ್ಡು ಉಳಿಸೋಕೆ ಹೋಗ್ಬೇಡಿ. ನಮ್ಮ ಜನರೇಟರ್ ಕರೆಂಟು ಹಿಂದಕ್ಕೆ ಲೈನಿಗೆ ಹೋದ್ರೆ ಟ್ರಾನ್ಸ್‌ಫಾರ್ಮರ್ ಅದನ್ನ 11 ಕೆವಿಗೆ ಏರಿಸುತ್ತೆ, ಆ ಹೊತ್ತಲ್ಲಿ ಕಂಬದ ಮೇಲೆ ಲೈನ್‌ಮ್ಯಾನ್ ಇರ್ತಾರೆ. ಹಾಗಾಗಿ ವೈರಿಂಗಲ್ಲಿರೋ ಇಂಟರ್‌ಲಾಕ್ ಒಂದೇ ಸಾಲದು, ಮೆಕ್ಯಾನಿಕಲ್ಲೂ ಬೇಕು. ಸಪ್ಲೈ ಕೊಡೋಕೆ ಮುಂಚೆ ಮುಚ್ಚಳ ತೆಗೆಸಿ, ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರಲ್ಲಿ ಒಂದು ಕಾಂಟ್ಯಾಕ್ಟರ್ (ಲೈನಿಗೊಂದು, ಜನರೇಟರಿಗೊಂದು ಇರೋ ಸ್ವಿಚ್ಚು) ಒತ್ತಿ ಹಿಡ್ಕೊಂಡು ಇನ್ನೊಂದನ್ನ ಒತ್ತಿ ನೋಡಿದ್ರು, ಅದು ಒಳಗೆ ಹೋಗ್ಲೇ ಇಲ್ಲ. ಆಮೇಲೇ ನಾನು ಹ್ಞೂಂ ಅಂದಿದ್ದು.

ನಮ್ಮ ಕಡೆ ಕರೆಂಟು ಪೂರ್ತಿ ಹೋಗೋದಕ್ಕಿಂತ ವೋಲ್ಟೇಜ್ ಇಳಿಯೋದೇ ಜಾಸ್ತಿ, ಅದಕ್ಕೆ ಕಟ್ ಆಗೋ ವೋಲ್ಟೇಜ್ ನಾವೇ ಸೆಟ್ ಮಾಡೋ ಥರದ್ದು ನೋಡಿ, 170ಕ್ಕೆ ಇಟ್ಟಿದೀನಿ. ಕರೆಂಟು ಹೋಗಿ 10 ಸೆಕೆಂಡ್ ಆದ್ಮೇಲೇ ಜನರೇಟರ್ ಸ್ಟಾರ್ಟ್ ಆಗುತ್ತೆ, ಅಷ್ಟು ಹೊತ್ತು ಲೈಟಿಗೆ ಇನ್ವರ್ಟರ್ ಇದೆ. ವಾಪಸ್ ಲೈನಿಗೆ ಬರೋಕೆ 3 ನಿಮಿಷ, ಯಾಕಂದ್ರೆ ಮಳೆ ನಿಂತ್ಮೇಲೂ ಕರೆಂಟು ಬಂದು ಹೋಗಿ ಮಾಡ್ತಾನೇ ಇರುತ್ತೆ.

ಬ್ಯಾಟರಿ ಚಾರ್ಜರ್ ಪ್ಯಾನೆಲಲ್ಲೇ ಇದೆಯಾ ಕೇಳಿ, ಬೇಸಿಗೇಲಿ ಸುಮ್ನೆ ನಿಂತ ಜನರೇಟರ್ ಬ್ಯಾಟರಿ ಇಳಿದಿದ್ರೆ ಎಟಿಎಸ್ ಎಷ್ಟು ಒಳ್ಳೇದಿದ್ರೂ ಎಂಜಿನ್ ತಿರುಗಲ್ಲ. ಬಾವಿ ಮೋಟರ್ ಮಾತ್ರ ಎಟಿಎಸ್ ಆಚೆ ನೇರ ಲೈನಿಗೇ ಬಿಟ್ಟೆ, ಸ್ಟಾರ್ಟ್ ಆಗೋವಾಗ ಅದು ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ಟ್ಯಾಂಕ್ ತುಂಬಿಸೋದು ಲೈನ್ ಇದ್ದಾಗ ಮಾಡ್ಕೋತೀವಿ.