ಕರುಳು ತಿರುಗುವುದನ್ನು ನಾನು ಕಲಿತದ್ದು ಬಟ್ಟೆಯ ಕೊಳವೆಯಿಂದ

ಅನಾಟಮಿ ಪಾಠ ಶುರು ಮಾಡಿದ ವರ್ಷ ನನಗೆ ಜಾಸ್ತಿ ಕಷ್ಟ ಕೊಟ್ಟದ್ದು ಭ್ರೂಣದಲ್ಲಿ ಕರುಳು ತಿರುಗುವ ವಿಷಯ. ಬೋರ್ಡಿನ ಮೇಲೆ ಚಿತ್ರ ಬರೆದು, ಬಾಣ ಹಾಕಿ, "ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಒಟ್ಟು 270 ಡಿಗ್ರಿ" ಎನ್ನುತ್ತಿದ್ದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ಒಂದು ದಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮೇಡಂ, ತಿರುಗಿ ಮುಗಿದ ಮೇಲೆ ರಕ್ತನಾಳದ ಮುಂದೆ ಯಾವುದಿರುತ್ತೆ, ಹಿಂದೆ ಯಾವುದಿರುತ್ತೆ?" ಚಿತ್ರ ನೋಡದೆ ಹೇಳಲು ನನಗೆ ಆಗಲಿಲ್ಲ.

ಅವತ್ತು ರಾತ್ರಿ ಒಂದು ಬಟ್ಟೆಯ ಕೊಳವೆ ಹೊಲಿದೆ. ಅರ್ಧ ಹಳದಿ, ಅರ್ಧ ನೀಲಿ. ದಪ್ಪ ರಟ್ಟೊಂದನ್ನು ನಿಲ್ಲಿಸಿದೆ, ಅದು ಭ್ರೂಣದ ಬೆನ್ನಿನ ಭಾಗ. ಕೊಳವೆಯ ಹಳದಿ ತುದಿಯನ್ನು ಮೇಲೆ, ನೀಲಿ ತುದಿಯನ್ನು ಕೆಳಗೆ ರಟ್ಟಿಗೆ ಹೊಲಿದೆ. ನಡುವೆ ಒಂದು ಕೆಂಪು ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕೊಳವೆಯ ಮಧ್ಯಕ್ಕೆ ಸೇರಿಸಿದೆ. ಅದು ಸುಪೀರಿಯರ್ ಮೆಸೆಂಟರಿಕ್ ಆರ್ಟರಿ, ಅಂದರೆ ಕರುಳಿಗೆ ರಕ್ತ ಒಯ್ಯುವ, ಆ ಹುಡುಗಿ ಕೇಳಿದ ರಕ್ತನಾಳ. ಇದರ ಸುತ್ತಲೇ ಕರುಳು ತಿರುಗುವುದು. ಹಳದಿ ಭಾಗ ಬೆಳೆಯುತ್ತಾ ಸಣ್ಣ ಕರುಳಿನ ಬಹುಭಾಗ ಆಗುತ್ತದೆ. ನೀಲಿಯಿಂದ ಸಣ್ಣ ಕರುಳಿನ ಕೊನೆ, ಸೀಕಮ್ (ದೊಡ್ಡ ಕರುಳು ಶುರುವಾಗುವ ಚೀಲ), ಅಪೆಂಡಿಕ್ಸ್, ದೊಡ್ಡ ಕರುಳಿನ ಮೊದಲ ಭಾಗ.

ಆರನೇ ವಾರದ ಹೊತ್ತಿಗೆ ಕರುಳು ಬೇಗ ಬೇಗ ಉದ್ದವಾಗುತ್ತದೆ. ಲಿವರ್ ಕೂಡ ದೊಡ್ಡದಾಗಿರುವುದರಿಂದ ಹೊಟ್ಟೆಯೊಳಗೆ ಜಾಗ ಸಾಲದು. ಕರುಳಿನ ಮಡಿಕೆ ಹೊಕ್ಕುಳಬಳ್ಳಿಯೊಳಗೆ ಹೋಗಿ ಕೂರುತ್ತದೆ. ಎಲ್ಲ ಮಕ್ಕಳಲ್ಲೂ ಆಗುವುದೇ ಇದು, ರೋಗವಲ್ಲ. ಅಲ್ಲಿರುವಾಗಲೇ ಮೊದಲ 90 ಡಿಗ್ರಿ ತಿರುಗುತ್ತದೆ, ಹಳದಿ ಭ್ರೂಣದ ಬಲಕ್ಕೆ ಬರುತ್ತದೆ. ಹತ್ತನೇ ವಾರದಲ್ಲಿ ವಾಪಸ್ ಬರುವಾಗ ಉಳಿದ 180. ಹಳದಿ ಮೊದಲು ಒಳಗೆ ಬಂದು, ದಾರದ ಹಿಂದಿನಿಂದ ನುಸುಳಿ ಎಡಕ್ಕೆ ಸೇರುತ್ತದೆ. ಸೀಕಮ್ ಇರುವ ನೀಲಿ ಕೊನೆಗೆ ಬಂದು, ದಾರದ ಮುಂದಿನಿಂದ ದಾಟಿ ಬಲಕ್ಕೆ ಹೋಗುತ್ತದೆ. ಸೀಕಮ್ ಮೊದಲು ಲಿವರ್ ಕೆಳಗೆ ಇರುತ್ತದೆ, ಆಮೇಲೆ ಬಲ ಕೆಳಹೊಟ್ಟೆಗೆ ಇಳಿಯುತ್ತದೆ.

ಮರುದಿನ ತರಗತಿಯಲ್ಲಿ ರಟ್ಟನ್ನು ಮಕ್ಕಳ ಕಡೆ ಮುಖ ಮಾಡಿ, ನಾನು ಹಿಂದೆ ನಿಂತು ತಿರುಗಿಸಿದೆ. ನೀಲಿ ಭಾಗ ಕೆಂಪು ದಾರದ ಹಿಂದೆ ಸಿಕ್ಕಿಕೊಂಡಿತು. ನಾನು ನನ್ನ ಕಡೆಯಿಂದ ದಿಕ್ಕು ನೋಡಿದ್ದೆ, ಹಾಗಾಗಿ ಉಲ್ಟಾ ಆಯಿತು. ಬಿಚ್ಚುವ ಮೊದಲು ಅದನ್ನೇ ಎಲ್ಲರಿಗೂ ತೋರಿಸಿದೆ. ಅಪರೂಪಕ್ಕೆ ನಿಜವಾಗಿಯೂ ಕರುಳು ಹೀಗೆ ಉಲ್ಟಾ ತಿರುಗುತ್ತದೆ, ಆಗ ದೊಡ್ಡ ಕರುಳು ರಕ್ತನಾಳದ ಹಿಂದೆ ಉಳಿಯುತ್ತದೆ. ಈಗ ಪ್ರತಿ ವರ್ಷ ಬೇಕೆಂದೇ ಎರಡೂ ದಿಕ್ಕಿಗೆ ತಿರುಗಿಸಿ ತೋರಿಸುತ್ತೇನೆ.

ಅರ್ಧಕ್ಕೇ ನಿಲ್ಲಿಸಿಯೂ ತೋರಿಸುತ್ತೇನೆ. ಇದನ್ನು ಬಿಡಲೇಬಾರದು. ತಿರುಗುವುದು ಪೂರ್ತಿ ಆಗದಿದ್ದರೆ ಸಣ್ಣ ಕರುಳಿಗೆ ಬೆನ್ನಿನ ಕಡೆ ಅಗಲವಾದ ಹಿಡಿತ ಸಿಗುವುದಿಲ್ಲ. ಕಿರಿದಾದ ತೊಟ್ಟಿನಲ್ಲಿ ನೇತಾಡುತ್ತದೆ. ಬಟ್ಟೆಯನ್ನು ಸುಮ್ನೆ ಒಂದು ಸಲ ತಿರುಚಿದರೆ ಸಾಕು, ಒಳಗಿನ ಕೆಂಪು ದಾರವೂ ತಿರುಚಿಕೊಳ್ಳುತ್ತದೆ. ಅಂದರೆ ರಕ್ತ ನಿಂತಿತು, ಅಲ್ವಾ? ಹುಟ್ಟಿದ ಮಗು ಹಸಿರು ವಾಂತಿ ಮಾಡಿದರೆ ವೈದ್ಯರು ಒಂದು ಗಳಿಗೆಯೂ ಕಾಯದಿರುವುದು ಇದಕ್ಕೇ.

ದಾರ ಕಟ್ಟಿದ ತುದಿಯ ಹತ್ತಿರ ಚಿಕ್ಕದೊಂದು ಚೀಲವನ್ನೂ ಹೊಲಿದಿದ್ದೇನೆ. ಅಲ್ಲಿಂದ ಹೊಕ್ಕುಳಿನ ಕಡೆಗಿದ್ದ ನಾಳ ಪೂರ್ತಿ ಮಾಯವಾಗದೆ ಉಳಿದರೆ ಅದೇ ಮೆಕೆಲ್ಸ್ ಡೈವರ್ಟಿಕ್ಯುಲಮ್. ನೂರರಲ್ಲಿ ಸುಮಾರು 2 ಜನರಿಗೆ ಇರುತ್ತದೆ. ಬಹಳಷ್ಟು ಜನರಿಗೆ ಅದು ಇದೆ ಅಂತ ಗೊತ್ತೇ ಆಗುವುದಿಲ್ಲ.

ಆ ವಾರ ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ಪ್ರಶ್ನೆ ಕೇಳಿದ್ದ ಹುಡುಗಿ ಅಡ್ಡ ಹೋಗುವ ದೊಡ್ಡ ಕರುಳನ್ನು ನಿಧಾನವಾಗಿ ಮೇಲಕ್ಕೆತ್ತಿದಳು. ಸಣ್ಣ ಕರುಳಿನ ಗೊಂಚಲನ್ನು ಪಕ್ಕಕ್ಕೆ ಸರಿಸಿ ಆ ರಕ್ತನಾಳವನ್ನು ಹುಡುಕಿದಳು. ಅದರ ಹಿಂದೆ ಬೆರಳು ತೂರಿಸಿ, ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್ ಸಿಕ್ಕಿದಾಗ, "ಮೇಡಂ, ಹಳದಿ ಇಲ್ಲೇ ಇದೆ" ಅಂದಳು.