ಬಾಡಿಗೆ ಪ್ಲಗಿನ್ನು, ಕ್ಯಾತ್ಸಂದ್ರದ ರೂಮು

ಹೋದ ಶ್ರಾವಣದಲ್ಲಿ ದೇವಸ್ಥಾನದ ಕಮಿಟಿಯವರೊಬ್ಬರು ನನ್ನ ರೆಕಾರ್ಡಿಂಗ್ ರೂಮಿಗೆ ಬಂದರು. ಶಿವರಾತ್ರಿ ಹೊತ್ತಿಗೆ ಅವರ ಭಕ್ತಿಗೀತೆ ರೆಕಾರ್ಡ್ ಮಾಡಿಕೊಟ್ಟಿದ್ದೆ. "ಸಾರ್, ಕೊನೆ ಚರಣದಲ್ಲಿ ಅಮ್ಮನೋರ ಹೆಸರು ಸರಿಯಿಲ್ಲ ಅಂತಿದ್ದಾರೆ ಹಿರಿಯರು. ಅದೊಂದು ಪದ ಬದಲಾಯಿಸಿಕೊಡಿ. ಐದು ನಿಮಿಷದ ಕೆಲಸ ಅಲ್ವಾ?" ಅಂದರು. ನಾನೂ ಹಾಗೇ ಅಂದುಕೊಂಡೆ.

ಕಂಪ್ಯೂಟರ್‌ನಲ್ಲಿ ಆ ಹಾಡಿನ ಪ್ರಾಜೆಕ್ಟ್ ತೆರೆದೆ. ಗಾಯಕಿಯ ದನಿ ಇತ್ತು, ತಬಲಾ ಇತ್ತು. ಸ್ಟ್ರಿಂಗ್ಸ್ ಇಲ್ಲ, ಕೊಳಲಿಲ್ಲ, ದನಿಗೆ ಗುಂಯ್‌ಗುಡುವಿಕೆ ಕೊಡುವ ರಿವರ್ಬ್ ಇಲ್ಲ. ಇವೆಲ್ಲ ಬರುವುದು ಪ್ಲಗಿನ್‌ಗಳಿಂದ, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್‌ಗಳಿಂದ. ಆಷಾಢದಲ್ಲಿ ಕೆಲಸ ಕಮ್ಮಿ ಅಂತ ತಿಂಗಳ ಬಾಡಿಗೆಯ ಮೂರು ಪ್ಲಗಿನ್ ಸಬ್‌ಸ್ಕ್ರಿಪ್ಶನ್ ನಿಲ್ಲಿಸಿದ್ದೆ. ಆ ಮೂರೂ ಈ ಹಾಡಿನಲ್ಲೇ ಇದ್ದವು. ಒಂದು ಪದಕ್ಕಾಗಿ ಮೂರಕ್ಕೂ ಮತ್ತೆ ಒಂದು ತಿಂಗಳ ದುಡ್ಡು ಕಟ್ಟಿದೆ. ಅವರು ಕೊಟ್ಟಿದ್ದು ಐನೂರು ರೂಪಾಯಿ. ಭೋಗ್ಯದ ಮನೆಯಾದರೆ ಖಾಲಿ ಮಾಡುವಾಗ ದುಡ್ಡಾದರೂ ವಾಪಸ್ ಬರುತ್ತದೆ. ಇದು ಬರೀ ಬಾಡಿಗೆ.

ಹಾಗಂತ ಬಾಡಿಗೆ ಕೆಟ್ಟದ್ದಲ್ಲ. ನನ್ನ ಕೆಲಸ ಸೀಸನ್ ಕೆಲಸ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ, ಆಮೇಲೆ ಗಣೇಶನ ಹಬ್ಬ, ರಾಜ್ಯೋತ್ಸವ, ಡಿಸೆಂಬರ್‌ನಲ್ಲಿ ಸ್ಕೂಲ್ ಡೇ ಟ್ರ್ಯಾಕ್‌ಗಳು. ಚುನಾವಣೆ ಬಂದರೆ ಹಬ್ಬವೇ ಬೇರೆ. ನಡುವೆ ಖಾಲಿ. ವರ್ಷಪೂರ್ತಿ ಬೇಕಿಲ್ಲದ ವಾದ್ಯಗಳ ಪ್ಲಗಿನ್‌ಗೆ ಹತ್ತಾರು ಸಾವಿರ ಸುರಿಯುವ ಬದಲು ಶಾಮಿಯಾನದ ಹಾಗೆ ಬೇಕಾದಾಗ ತರಿಸಿಕೊಳ್ಳಬಹುದು. ಶಾಮಿಯಾನ ಬಿಚ್ಚುವ ಮೊದಲು ಏನು ಮಾಡಬೇಕು ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಈಗ ಗೊತ್ತು. ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ, ಅಂದರೆ ಒಂದೊಂದು ದನಿ, ಒಂದೊಂದು ವಾದ್ಯವನ್ನೂ, ಪ್ಲಗಿನ್ ಇಲ್ಲದೆಯೂ ಕೇಳಿಸುವ ವೇವ್ ಫೈಲ್ ಮಾಡಿ ಇಡುತ್ತೇನೆ. ಹಾಡಿನ ಶುರುವಿನಿಂದ ಕೊನೆವರೆಗೆ ಎಲ್ಲವೂ ಒಂದೇ ಉದ್ದ, ಎಫೆಕ್ಟ್ ಸೇರಿದ್ದು ಒಂದು, ಸೇರದ್ದು ಒಂದು. ಯಾವ ಸ್ವರ ಯಾವಾಗ ನುಡಿಸಿದ್ದು ಅನ್ನುವ ಲೆಕ್ಕವಷ್ಟೇ ಇರುವ ಮಿಡಿ ಫೈಲ್ ಬೇರೆ. 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಹಾಡು, ಮೂವತ್ತು ಟ್ರ್ಯಾಕ್ ಅಂದರೆ 1.3 ಜಿಬಿ. ಸ್ಟೀರಿಯೋ ಆದರೆ ಅದರ ಎರಡರಷ್ಟು. ಹಾರ್ಡ್ ಡಿಸ್ಕ್ ಒಂದೇ ಸಲದ ಖರ್ಚು.

ಎಲ್ಲಾ ಪ್ಲಗಿನ್ ಚಂದಾನೂ ಒಂದೇ ಥರ ಅಲ್ಲ. ಕೆಲವು ಪ್ಲಗಿನ್ ಒಮ್ಮೆ ಇಂಟರ್‌ನೆಟ್‌ನಲ್ಲಿ ಲೈಸೆನ್ಸ್ ನೋಡಿಕೊಂಡು ಕೆಲವು ದಿನ ಸುಮ್ನಿರುತ್ತವೆ. ಲೈಸೆನ್ಸನ್ನು ಕ್ಲೌಡ್‌ನಲ್ಲೇ ಇಟ್ಟರೆ ಕೆಲವಕ್ಕೆ ಇಂಟರ್‌ನೆಟ್ ಸದಾ ಇರಬೇಕು. ಒಂದು ಮಧ್ಯಾಹ್ನ ಗುಬ್ಬಿಯಿಂದ ಬಂದ ತತ್ವಪದದ ತಾತ ಹಾಡುತ್ತಿದ್ದರು. ಕರೆಂಟ್ ಹೋಯಿತು. ಯುಪಿಎಸ್ ಇದ್ದದ್ದರಿಂದ ಕಂಪ್ಯೂಟರ್ ಉಳಿಯಿತು. ಫೈಬರ್ ಲೈನ್ ಸತ್ತಿತು, ಜೊತೆಗೆ ಲೈಸೆನ್ಸೂ. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಮತ್ತೆ ಎಬ್ಬಿಸುವಷ್ಟರಲ್ಲಿ ತಾತ ಎಲೆ ಅಡಿಕೆ ಹಾಕಿಕೊಂಡಾಗಿತ್ತು. ಮೊದಲೇ ರೈಲು ಹೋಗುವವರೆಗೆ ಕಾದು ಟೇಕ್ ತೆಗೆಯುವ ರೂಮು ನನ್ನದು! ಅವತ್ತಿಂದ ರೆಕಾರ್ಡಿಂಗ್ ಮಾಡುವಾಗ ಬಾಡಿಗೆ ಪ್ಲಗಿನ್ ಮುಟ್ಟುವುದಿಲ್ಲ. ಅವು ಮಿಕ್ಸಿಂಗ್‌ಗೆ ಮಾತ್ರ.

ದುಡ್ಡು ಕಟ್ಟುವುದರಲ್ಲೂ ಒಂದು ಪಜೀತಿ ಇದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್‌ನ ಆಟೋ ಡೆಬಿಟ್ ನಿಯಮ ಬಿಗಿಯಾಯಿತು. ಆ ತಿಂಗಳು ಹೊರದೇಶದ ಒಂದು ಕಂಪನಿಗೆ ನನ್ನ ಕಾರ್ಡಿಂದ ದುಡ್ಡು ಹೋಗಲೇ ಇಲ್ಲ. ಪ್ಲಗಿನ್ ಲಾಕ್ ಆದಮೇಲೆ ಗೊತ್ತಾಯಿತು. ಈಗ ನಾನು ಆಟೋ ಡೆಬಿಟ್ ನಂಬುವುದಿಲ್ಲ. ಪ್ರತಿ ಚಂದಾದ ಕೊನೆ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ, ಅಮಾವಾಸ್ಯೆ ಪಕ್ಕದಲ್ಲೇ ಬರೆಯುತ್ತೇನೆ.

ರೆಕಾರ್ಡ್ ಮಾಡುವ ಮುಖ್ಯ ಸಾಫ್ಟ್‌ವೇರ್ ಮಾತ್ರ ಸ್ವಂತದ್ದೇ ಇರಲಿ ಅಂತ ನನ್ನ ಹಠ. ನನ್ನದು ರೀಪರ್. ಸಣ್ಣ ಪ್ರಮಾಣದಲ್ಲಿ ದುಡಿಯುವವರಿಗೆ ಅದರ ಲೈಸೆನ್ಸ್ 60 ಡಾಲರ್, ಅದೂ ಒಂದೇ ಸಲ. ಕೊಳ್ಳುವ ಮೊದಲು 60 ದಿನ ಬಳಸಿ ನೋಡಬಹುದು. 2023ರ ಮಾರ್ಚ್‌ನಲ್ಲಿ ಪ್ಲಗಿನ್ ತಯಾರಿಸುವ ವೇವ್ಸ್ ಕಂಪನಿ ಇನ್ನು ಮುಂದೆ ಚಂದಾ ಮಾತ್ರ, ಪ್ಲಗಿನ್ ಮಾರುವುದಿಲ್ಲ ಎಂದಿತ್ತು. ಬಳಕೆದಾರರ ಗಲಾಟೆ ಜೋರಾಗಿ ಕೆಲವೇ ದಿನದಲ್ಲಿ ಮಾತು ವಾಪಸ್ ತೆಗೆದುಕೊಂಡಿತು. ನಾಳೆ ಇನ್ನೊಂದು ಕಂಪನಿ ಹಾಗೇ ಅನ್ನಬಹುದು. ಪ್ಲಗಿನ್ ಹೋದರೆ ಇನ್ನೊಂದು ಹುಡುಕಬಹುದು. ಪ್ರಾಜೆಕ್ಟ್ ತೆರೆಯುವ ಸಾಫ್ಟ್‌ವೇರೇ ಹೋದರೆ? ಕಂತು ಕಟ್ಟಿ ಮುಗಿದ ಮೇಲೆ ನಮ್ಮದೇ ಆಗುವ ಪ್ಲಗಿನ್‌ಗಳೂ ಇವೆ. ದಿನಾ ಬೇಕಾಗುವ ಸಿಂತ್ (ಕಂಪ್ಯೂಟರಲ್ಲೇ ಸ್ವರ ಹುಟ್ಟಿಸುವ ಪ್ಲಗಿನ್) ಒಂದನ್ನು ನಾನು ಹಾಗೇ ತೆಗೆದುಕೊಂಡೆ. ಮಧ್ಯೆ ಎರಡು ತಿಂಗಳು ಕಂತು ನಿಲ್ಲಿಸಿದ್ದರೂ ಕಟ್ಟಿದ್ದು ವ್ಯರ್ಥವಾಗಲಿಲ್ಲ.

ಮೊನ್ನೆ ಆ ಕಮಿಟಿಯವರು ಮತ್ತೆ ಬಂದಿದ್ದರು. ಹಿರಿಯರು ಇನ್ನೊಮ್ಮೆ ಕೂತು ಮಾತಾಡಿದರಂತೆ, ಹಳೆ ಹೆಸರೇ ಸರಿ ಇತ್ತಂತೆ. ಆ ತಿಂಗಳು ಒಂದು ಚಂದಾನೂ ಚಾಲ್ತಿಯಲ್ಲಿರಲಿಲ್ಲ. ವೇವ್ ಫೈಲ್‌ಗಳ ಫೋಲ್ಡರ್ ತೆರೆದೆ, ಹಳೆ ಟೇಕ್ ಕೂರಿಸಿದೆ. ಈ ಸಲ ನಿಜವಾಗಿಯೂ ಐದು ನಿಮಿಷವೇ ಆಯಿತು. ಮತ್ತೆ ಐನೂರು ಕೇಳಲು ನನಗೇ ನಾಚಿಕೆಯಾಯಿತು, ಆದರೂ ಕೇಳಿದೆ.